ಎದುರು ಗೇಟಿನ ಮೊದಲ ನಿಲುಗಡೆ

ನೀರಿನ ಪೈಪನ್ನು ಝಾನ್ನಾ ಬೂಟುಗಾಲಿನಿಂದ ಮೆಟ್ಟಿ ಹಿಡಿದಿದ್ದಳು. ಪೈಪಿನ ಇನ್ನೊಂದು ತುದಿಯಲ್ಲಿ ನಗರಸಭೆಯ ಸ್ವಚ್ಛತಾ ವಿಭಾಗದ ಮೇಸ್ತ್ರಿ ನೋವಾಕ್ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ನಳಿಕೆಯನ್ನು ಗೋಡೆಗೆ ಗುರಿಯಿಟ್ಟು ನಿಂತಿದ್ದ. ನೀರು ಬರುತ್ತಿರಲಿಲ್ಲ. ಯಂತ್ರ ಮಾತ್ರ ವ್ಯಾನಿನೊಳಗೆ ಕೂತು ಗೊರಗುಟ್ಟುತ್ತಿತ್ತು.

"ಕಾಲು ತೆಗೀರಿ ಝಾನ್ನಾ ಮೇಡಂ. ಹತ್ತು ನಿಮಿಷದ ಕೆಲಸ. ನಿಮ್ಮ ತಾಯಿ ಬರೋದರೊಳಗೆ ಗೋಡೆ ತೊಳೆದಿಟ್ಟ ತಟ್ಟೆ ಥರ ಆಗಿರುತ್ತೆ."

"ಅಮ್ಮ ಬಂದಾಗಿದೆ," ಎಂದು ಝಾನ್ನಾ ಗದ್ದದಿಂದಲೇ ರಸ್ತೆಯಂಚನ್ನು ತೋರಿಸಿದಳು. "ಬೆಳಿಗ್ಗೆಯಿಂದ ಅಲ್ಲೇ ಇದ್ದಾರೆ. ನೋಡ್ತಿದ್ದಾರೆ ನಿಮ್ಮನ್ನ."

ರಸ್ತೆಯಂಚಿನಲ್ಲಿ ಕಪ್ಪು ಶವದ ವ್ಯಾನು ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಅಲಂಕಾರವಿಲ್ಲದ, ಹೂವಿಲ್ಲದ, ಬಣ್ಣ ಕಾಣದ ಪೈನ್ ಮರದ ಪೆಟ್ಟಿಗೆ. ನೋವಾಕ್ ತಲೆ ತಗ್ಗಿಸಿ ನಳಿಕೆಯನ್ನು ಸ್ವಲ್ಪ ಇಳಿಸಿದ.

ಜರ್ಮನಿಯ ಲೌಟರ್‌ಸ್ಟೆಟ್ ಊರಿನ ಯೆಹೂದಿ ಸ್ಮಶಾನದ ಸುಣ್ಣದ ಗೋಡೆಯ ಮೇಲೆ ಆಳೆತ್ತರದ ಕೆಂಪು ಅಕ್ಷರಗಳಿದ್ದವು. ಎಡಗೋಡೆಯಲ್ಲಿ ‘ಯೆಹೂದಿಗಳೇ’ ಎಂದು ಶುರುವಾಗಿ, ತಗಡಿನ ಗೇಟನ್ನೂ ಬಿಡದೆ ಅದರ ಮೇಲೂ ಹರಿದು, ಬಲಗೋಡೆಯಲ್ಲಿ ‘ಹೊರಗೆ ಹೋಗಿ’ ಎಂದು ಮುಗಿಯುತ್ತಿತ್ತು. ಬೆಳಕು ಹರಿಯುವ ಮೊದಲು ಯಾರೋ ಅವಸರವಿಲ್ಲದೆ, ನೀಟಾಗಿ ಬರೆದಿದ್ದರು. ಮುಖ್ಯರಸ್ತೆಯ ಟ್ರಾಮು ಅಲ್ಲಿ ತುಸು ನಿಧಾನವಾಗುತ್ತಿತ್ತು. ಕಿಟಕಿಯ ಮುಖಗಳು ಒಮ್ಮೆ ಓದಿ, ಮರುಗಳಿಗೆಗೆ ಮೊಬೈಲಿಗೆ ಇಳಿಯುತ್ತಿದ್ದವು.

"ಸಾವಿನ ದಿನ ನೀವು ಇದನ್ನ ನೋಡಬಾರದು ಅಂತ ನಾನೇ ಬಂದೆ," ಎಂದ ನೋವಾಕ್. "ಹುಡುಗರನ್ನ ಕಳಿಸಲಿಲ್ಲ. ನಿಮ್ಮ ತಾಯಿಗೆ ಅಷ್ಟಾದರೂ ಮಾಡೋಣ ಅಂತ."

"ನಮ್ಮಮ್ಮನ ಅಡಿಗೆಮನೇಲಿ ಎಷ್ಟು ವರ್ಷ ಕೂತಿದ್ದೀರಿ ನೋವಾಕ್ ಅವರೇ?"

"ಇಪ್ಪತ್ತರ ಮೇಲಾಯ್ತು."

"ಹಾಗಾದರೆ ಹೇಳಿ. ಮೊದಲು ಏನು?"

ಅರವತ್ತರ ಆ ಮನುಷ್ಯ ಪಾಠ ಒಪ್ಪಿಸುವವನಂತೆ ಬೂಟು ನೋಡಿಕೊಂಡ. "ಮೊದಲು ಫೋಟೊ."

"ಆಮೇಲೆ?"

"ಆಮೇಲೆ ಪೊಲೀಸು."

"ಆಮೇಲೆ?"

"ಆಮೇಲೆ ಬ್ರಶ್ಶು. ಗೊತ್ತು ಮೇಡಂ. ಆದರೆ ಇವತ್ತೊಂದು ದಿನ…"

"ಇವತ್ತೇ."

ನೋವಾಕ್ ಯಂತ್ರ ಆರಿಸಿದ. ಆ ಸದ್ದು ನಿಂತ ಮೇಲೆ ಇನ್‌ಸ್ಪೆಕ್ಟರ್ ಟೀಟ್ಸೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಟೀಟ್ಸೆ ಫೋನು ಮುಗಿಸಿ ಹತ್ತಿರ ಬಂದ. ಸಾವಿಗೆಂದು ಸಮವಸ್ತ್ರವನ್ನು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದವನಿಗೆ ಈಗ ಅದೇ ಬಟ್ಟೆಯಲ್ಲಿ ಕೆಲಸಕ್ಕೂ ನಿಲ್ಲಬೇಕಾಗಿತ್ತು.

"ಜಿಲ್ಲಾ ಕೇಂದ್ರದಿಂದ ತಜ್ಞೆ ಹೊರಟಿದ್ದಾರೆ. ಬಣ್ಣದ ಮಾದರಿ, ಬೆರಳಿನ ಗುರುತು, ಎಲ್ಲ ಸರಿಯಾಗಿ ತೆಗೀತಾರೆ. ಎರಡು ಗಂಟೆ ಬೇಕು. ಅಲ್ಲೀವರೆಗೆ ಗೇಟನ್ನ ಯಾರೂ ಮುಟ್ಟೋ ಹಾಗಿಲ್ಲ." ಅವನು ಒಮ್ಮೆ ಕೆಮ್ಮಿದ. "ಅದಕ್ಕೇ ಝಾನ್ನಾ ಅವರೇ, ಅಮ್ಮನವರನ್ನ ಹಿಂದಿನ ಗೇಟಿನಿಂದ ಒಳಗೆ ತಗೊಂಡು ಹೋಗೋಣ. ನಾನೂ ಹೆಗಲು ಕೊಡ್ತೀನಿ."

ಹನ್ನೊಂದು ದಿನಗಳ ಹಿಂದೆ ಆಸ್ಪತ್ರೆಯ ಹಾಸಿಗೆಯಲ್ಲಿ ಅಮ್ಮ ಆಮ್ಲಜನಕದ ಕೊಳವೆ ಸರಿಸಿ ಹೇಳಿದ್ದು ಒಂದೇ ಮಾತು. "ಹಿಂಬಾಗಿಲಿಂದ ಬೇಡ ಕಣೇ. ಸೋವಿಯತ್ ಕಾಲದಲ್ಲಿ ಬೆಣ್ಣೆಯಿಂದ ಹಿಡಿದು ಬೂಟಿನವರೆಗೆ ಎಲ್ಲವನ್ನೂ ಹಿಂಬಾಗಿಲಿಂದ ತಂದು ಬದುಕಿದ್ದೀನಿ. ಸತ್ತ ಮೇಲಾದರೂ ಎದುರು ಬಾಗಿಲಿಂದ ಹೋಗ್ತೀನಿ." ಆಗಲಿ ಅಂದಿದ್ದಳು ಝಾನ್ನಾ. ಈಗ ಅಮ್ಮನೇ ಮಾಡಿದ ನಿಯಮ ಅಮ್ಮನಿಗೇ ಎದುರು ಬಾಗಿಲು ಹಾಕಿ ಕೂತಿತ್ತು.

*

ಝಾನ್ನಾಳ ಅಮ್ಮ ಬ್ರೋನ್ಯಾ ರೊಯ್ಟ್‌ಮನ್ ಸೋವಿಯತ್ ಉಕ್ರೇನಿನ ಚೆರ್ನೊವ್ಟ್ಸಿಯ ಹೆಣಿಗೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದಳು. ಗಂಡ ಯಾಕೊವ್ ಮತ್ತು ಮಗಳ ಜೊತೆ ಈ ಊರಿಗೆ ಬಂದಾಗ ಅವಳಿಗೆ ಐವತ್ತೆರಡು. ಆ ವಯಸ್ಸಿಗೆ ಸಿಕ್ಕಿದ್ದು ಶಾಲೆಯ ನೆಲ ಒರೆಸುವ ಕೆಲಸ. ಯಾಕೊವ್ ಐದನೆಯ ವರ್ಷಕ್ಕೆ ತೀರಿಕೊಂಡ. ಆಗ ಸ್ಮಶಾನದ ಎದುರು ಗೇಟಿಗೆ ಬೀಗ; ‘ಭದ್ರತೆಯ ದೃಷ್ಟಿಯಿಂದ’ ಎಂಬ ಫಲಕ. ಅವನನ್ನು ನಗರಸಭೆಯ ಒಣಗಿದೆಲೆ ಗೊಬ್ಬರದ ಗುಂಡಿಗಳ ಪಕ್ಕದ ಓಣಿಯಿಂದ, ಕೊಳೆತ ಹುಲ್ಲಿನ ವಾಸನೆಯ ನಡುವೆ ಒಳಗೆ ಒಯ್ದಿದ್ದರು.

ಅದಾದ ಎರಡನೆಯ ವರ್ಷದ ಒಂದು ಭಾನುವಾರ ಬೆಳಿಗ್ಗೆ ಬ್ರೋನ್ಯಾ ಗಂಡನ ಗೋರಿಕಲ್ಲಿನ ಬಳಿ ಹೋದಾಗ ಅದರ ಮೇಲೆ ಕಪ್ಪು ಬಣ್ಣದಲ್ಲಿ ನಾಜಿಗಳ ಕೊಕ್ಕೆಶಿಲುಬೆ ಬಳಿದಿತ್ತು. ಅಕ್ಕಪಕ್ಕದ ಆರು ಕಲ್ಲುಗಳ ಮೇಲೂ ಅದೇ. ಅವಳು ಟ್ರಾಮಿಗೂ ಕಾಯದೆ ಪೊಲೀಸ್ ಠಾಣೆಗೆ ನಡೆದಳು. ಭಾನುವಾರ, ಠಾಣೆಯಲ್ಲಿ ಒಬ್ಬನೇ ಹುಡುಗ ಅಧಿಕಾರಿ. ಅವನು ಬೇರೆಯವನು ಬರುವವರೆಗೆ ಕಾಯಿಸಿ, ಇವಳ ಮುರುಕು ಜರ್ಮನ್ ಭಾಷೆಯನ್ನು ಅರ್ಥ ಮಾಡಿಕೊಂಡು, ಕಾರಿನಲ್ಲಿ ಕೂರಿಸಿಕೊಂಡು ಬರುವ ಹೊತ್ತಿಗೆ ಮಧ್ಯಾಹ್ನ.

ಏಳು ಕಲ್ಲುಗಳೂ ಥಳಥಳ ಹೊಳೆಯುತ್ತಿದ್ದವು. ಒದ್ದೆ ಇನ್ನೂ ಆರಿರಲಿಲ್ಲ.

ಯಾರೋ ನಗರಸಭೆಗೂ ಫೋನು ಮಾಡಿದ್ದರು. ಮಾರನೆಯ ದಿನ ಊರಿನ ಹಬ್ಬ, ಹೊರಗಿನಿಂದ ಅತಿಥಿಗಳು. ಸ್ವಚ್ಛತಾ ವಿಭಾಗದ ನೋವಾಕ್ ತನ್ನ ಇಬ್ಬರು ಹುಡುಗರೊಂದಿಗೆ ರಜೆಯ ದಿನವನ್ನೂ ಲೆಕ್ಕಿಸದೆ ಬಂದು ತಿಕ್ಕಿ ತೊಳೆದಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಹುಡುಗ ಅಧಿಕಾರಿ, ಅಂದರೆ ಟೀಟ್ಸೆ, ಅತ್ತ ಇತ್ತ ನೋಡಿ ತನ್ನ ಹಾಳೆಯಲ್ಲಿ ಬರೆದ: ‘ಸ್ಥಳದಲ್ಲಿ ಏನೂ ಕಂಡುಬರಲಿಲ್ಲ.’ ಅವನೂ ಕಂಡದ್ದನ್ನೇ ಬರೆದಿದ್ದ.

ಬ್ರೋನ್ಯಾ ಇಬ್ಬರನ್ನೂ ನೋಡಿದಳು.

"ಒರೆಸಿದವರು ಒಳ್ಳೆಯವರು," ಎಂದಳು. "ಬರೆದವರೂ ಒಳ್ಳೆಯವರು. ಇಷ್ಟೊಂದು ಒಳ್ಳೆಯವರ ನಡುವೆ ನನ್ನ ಗಂಡನ ಕಲ್ಲಿಗೆ ಮಸಿ ಬಳಿದವನು ಯಾರಪ್ಪ? ನಾನೇನಾ?"

*

"ಹೆಣ ಕಾಯಿಸಬಾರದು," ಎಂದ ಸ್ಯೋಮಾ ಮಾಮ.

ಎಂಬತ್ತೊಂದರ ಸ್ಯೋಮಾ ಮಾಮ ಸಮುದಾಯದ ಶವಸಂಸ್ಕಾರ ಸಂಘದ ಹಿರಿಯ. ಅವನ ಮಾತಿಲ್ಲದೆ ಈ ಸ್ಮಶಾನದಲ್ಲಿ ಒಂದು ಗುಂಡಿಯೂ ತೋಡಿದ್ದಿಲ್ಲ. ಝಾನ್ನಾಳ ಕೋಟಿನ ಎಡಗಡೆಯ ಅಂಚನ್ನು ಬೆಳಿಗ್ಗೆ ಶೋಕದ ಪದ್ಧತಿಯಂತೆ ಬ್ಲೇಡಿನಿಂದ ಸೀಳಿದವನೂ ಅವನೇ. ಆ ಹರಿದ ಬಟ್ಟೆ ಈಗ ಗಾಳಿಗೆ ಅವಳ ಎದೆಯ ಮೇಲೆ ಪಟಪಟಿಸುತ್ತಿತ್ತು.

"ಇವತ್ತು ಶುಕ್ರವಾರ," ಎಂದು ಅವನು ಮುಂದುವರಿಸಿದ. "ನಾಲ್ಕು ಗಂಟೆಗೆ ಸಬ್ಬತ್ ಬರುತ್ತೆ, ಆಮೇಲೆ ಕೆಲಸ ಮುಟ್ಟೋ ಹಾಗಿಲ್ಲ. ಅಷ್ಟರೊಳಗೆ ಗುಂಡಿ ಮುಚ್ಚಿ ಎಲ್ಲರೂ ಮನೆ ಸೇರಬೇಕು. ನಿನ್ನ ಹಟ ನಿನ್ನಮ್ಮನದೇ. ಅವಳ ಜೊತೆಗೇ ಹೂಣೋಣ ಅಂದುಕೊಂಡಿದ್ದೆ, ನಿನಗೆ ಕೊಟ್ಟು ಹೋಗಿದ್ದಾಳೆ."

"ಸ್ಯೋಮಾ ಮಾಮ, ಅವಳು ಕೇಳಿದ್ದು ಒಂದೇ."

"ಸತ್ತವರು ಸಾವಿರ ಕೇಳ್ತಾರೆ. ನನ್ನ ಅಕ್ಕ ಯಾಲ್ಟಾದ ಸಮುದ್ರದ ಹತ್ತಿರ ಹೂಣು ಅಂದಿದ್ದಳು. ಎಲ್ಲಿದ್ದಾಳೆ? ಈ ಬಸ್ ಡಿಪೊದ ಹತ್ತಿರ." ಅವನು ಕೋಲನ್ನು ನೆಲಕ್ಕೆ ಕುಟ್ಟಿದ. "ಕಾಯಿಸೋದು ಸತ್ತವರಿಗೆ ಅವಮಾನ ಕಣಮ್ಮ. ಗೇಟು ಯಾವುದಾದರೇನು, ಮಣ್ಣು ಒಂದೇ."

"ಬ್ರೋನ್ಯಾ ಹಾಗೆ ಅಂದುಕೊಂಡಿರಲಿಲ್ಲ," ಎಂದಳು ಗುದ್ರುನ್ ಮೇಡಂ. ಬ್ರೋನ್ಯಾ ನೆಲ ಒರೆಸುತ್ತಿದ್ದ ಶಾಲೆಯಲ್ಲೇ ಇತಿಹಾಸ ಕಲಿಸಿ ನಿವೃತ್ತಳಾದವಳು ಅವಳು. ಯೆಹೂದಿಯಲ್ಲ. ಊರಿನ ನಾಗರಿಕ ವೇದಿಕೆಯನ್ನು ನಡೆಸುವವಳು.

"ನೀವು ಸುಮ್ಮನಿರಿ ಮೇಡಂ. ನಮ್ಮ ಹೆಣ, ನಮ್ಮ ಜಗಳ."

ಟೀಟ್ಸೆ ಗಡಿಯಾರ ನೋಡಿದ. ಪೆಟ್ಟಿಗೆ ಹೊರಲು ಬಂದ ಆರು ಮಂದಿ ಚಳಿಗೆ ಕಾಲು ಬದಲಿಸುತ್ತಿದ್ದರು. ಎಲ್ಲರೂ ಝಾನ್ನಾಳ ಬಾಯಿ ನೋಡುತ್ತಿದ್ದರು. ಹಿಂದಿನ ಓಣಿಗೆ ಅವಳು ‘ಹೂಂ’ ಎಂದರೆ ಸಾಕಾಗಿತ್ತು. ಎಲ್ಲರಿಗೂ ಸಲೀಸು. ಗೋಡೆಗೆ ಬರೆದವನಿಗೂ ಸಲೀಸು: ಹೊರಗೆ ಹೋಗಿ ಎಂದು ಬರೆದ, ಹಿಂದಿನಿಂದ ಹೋದರು.

"ಮಾಮ," ಎಂದಳು ಝಾನ್ನಾ, "ಗುಂಡಿಗೆ ಒಯ್ಯುವಾಗ ದಾರಿಯಲ್ಲಿ ಏಳು ಸಲ ನಿಲ್ತೀವಲ್ಲ. ಯಾಕೆ?"

"ಇದೇನು ಪರೀಕ್ಷೆನಾ? ಸತ್ತವರನ್ನ ಬಿಟ್ಟುಬರೋಕೆ ಕಾಲು ಏಳ್ತಿಲ್ಲ ಅಂತ ತೋರಿಸೋಕೆ."

"ಒಂದೊಂದು ಸಲ ಎಷ್ಟು ಹೊತ್ತು ನಿಲ್ಲಬೇಕು?"

"ಒಂದು ಸಾಲು ಪ್ರಾರ್ಥನೆ ಹೇಳೋಷ್ಟು."

"ಅಷ್ಟೇ ಅಂತ ಎಲ್ಲಾದರೂ ಬರೆದಿದೆಯಾ? ಗೇಟಿನ ಒಳಗೇ ನಿಲ್ಲಬೇಕು ಅಂತ ಬರೆದಿದೆಯಾ?"

ಸ್ಯೋಮಾ ಮಾಮ ಅವಳನ್ನು ದಿಟ್ಟಿಸಿದ. ಉಣ್ಣೆಯ ಟೋಪಿ ತೆಗೆದು, ಒಳಗಿನ ಚಿಕ್ಕ ಟೋಪಿಯನ್ನು ಸರಿಮಾಡಿಕೊಂಡು, ಮತ್ತೆ ಹಾಕಿಕೊಂಡ. ರಸ್ತೆ ನೋಡಿದ. ಗೋಡೆ ನೋಡಿದ.

"ಬರೆದಿಲ್ಲ," ಎಂದ ಕೊನೆಗೆ. "ನಿನ್ನಂಥವಳು ಹುಟ್ತಾಳೆ ಅಂತ ಹಿರಿಯರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರೆದಿಟ್ಟಿರೋರು."

"ಹಾಗಾದರೆ ಮೊದಲ ನಿಲುಗಡೆ ಇಲ್ಲಿ. ಈ ಗೋಡೆ ಮುಂದೆ. ಗೇಟು ತೆಗೆಯೋವರೆಗೆ."

"ಒಂದೂವರೆ," ಎಂದು ಮಾಮ ಬೆರಳೆತ್ತಿದ. "ಒಂದೂವರೆಗೆ ಗೇಟು ತೆಗೆಯದಿದ್ದರೆ ಹಿಂದಿನ ಓಣಿ. ಆಗ ನೀನು ಬಾಯಿ ತೆಗೀಬಾರದು. ಮಾತು ಕೊಡು."

ಝಾನ್ನಾ ಮಾತು ಕೊಟ್ಟಳು. ಆರು ಮಂದಿ ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಿ, ಗಾಲಿ ಹಚ್ಚಿದ ಚಟ್ಟದ ಮೇಲಿಟ್ಟು, ಮುಖ್ಯರಸ್ತೆಯ ಪಾದಚಾರಿ ಹಾದಿಯಲ್ಲಿ, ಕೆಂಪು ಅಕ್ಷರಗಳ ಎದುರಿಗೆ ನಿಲ್ಲಿಸಿದರು. ಆಗ ಹನ್ನೆರಡು ಹೊಡೆಯಲು ಹತ್ತು ನಿಮಿಷ.

*

ಥಳಥಳಿಸುವ ಆ ಏಳು ಕಲ್ಲುಗಳ ಭಾನುವಾರ ಕಳೆದು ಒಂದು ವಾರಕ್ಕೆ ಬ್ರೋನ್ಯಾ ಮೂವರನ್ನು ಊಟಕ್ಕೆ ಕರೆದಿದ್ದಳು. ನೋವಾಕ್‌ಗೆ ಟೀಟ್ಸೆ ಬರುತ್ತಾನೆಂದು ಹೇಳಿರಲಿಲ್ಲ. ಟೀಟ್ಸೆಗೆ ನೋವಾಕ್ ಬರುತ್ತಾನೆಂದು ಹೇಳಿರಲಿಲ್ಲ. ಗುದ್ರುನ್ ಮೇಡಂಗೆ ಹೇಳಿದ್ದು ಇಷ್ಟೇ: "ಜರ್ಮನ್ ಬರೆಯೋಕೆ ಒಬ್ಬರು ಬೇಕು. ಪೆನ್ನು ತನ್ನಿ."

ಜೋಳದ ಹಿಟ್ಟಿನ ದೊಡ್ಡ ಮುದ್ದೆಯನ್ನು ಹಲಗೆಯ ಮೇಲೆ ಕವುಚಿ, ಹೊಲಿಗೆ ದಾರದಿಂದ ಕತ್ತರಿಸಿ, ಕುರಿಹಾಲಿನ ಗಿಣ್ಣು ಉದುರಿಸಿ, ಮೂವರ ಮುಂದೆ ಇಟ್ಟಳು. ಬಾಯಿ ತುಂಬಿದ ಮೇಲೆ ಶುರು ಮಾಡಿದಳು.

"ನಿಮ್ಮ ಕಚೇರಿ ಎಲ್ಲಿದೆ ನೋವಾಕ್ ಅವರೇ?"

"ಪುರಭವನ. ಮೂರನೇ ಮಹಡಿ."

"ಠಾಣೆ?"

"ಪುರಭವನದ ಹಿಂದೆ. ಅದೇ ಅಂಗಳ," ಎಂದ ಟೀಟ್ಸೆ.

"ಒಂದೇ ಅಂಗಳ. ಒಬ್ಬರ ಫೋನ್ ನಂಬರು ಒಬ್ಬರ ಹತ್ತಿರ ಇದೆಯಾ?"

ಇರಲಿಲ್ಲ. ಗುದ್ರುನ್ ಮೇಡಂ ನಕ್ಕಳು. ಬ್ರೋನ್ಯಾ ನಗಲಿಲ್ಲ.

"ಬಣ್ಣ ಬಳಿಯೋರು ನಾಲ್ಕು ಜನ ಇರಬಹುದು. ಓದು ಬರಹ ಅಷ್ಟಕ್ಕಷ್ಟೇ. ಆದರೂ ಒಬ್ಬ ಡಬ್ಬ ತರ್ತಾನೆ, ಒಬ್ಬ ಬ್ರಶ್ಶು ತರ್ತಾನೆ, ಒಬ್ಬ ದಾರಿ ಕಾಯ್ತಾನೆ. ಅವರಿಗೆ ಒಟ್ಟಿಗೆ ಕೆಲಸ ಮಾಡೋಕೆ ಬರುತ್ತೆ. ನಿಮಗೆ ಬರಲ್ವಾ?"

"ನಾನು ಒಳ್ಳೇದಕ್ಕೇ ಒರೆಸಿದ್ದು ಅಮ್ಮ," ಎಂದ ನೋವಾಕ್.

"ಒರೆಸೋದು ನನ್ನ ಕಸುಬು. ಒರೆಸೋದನ್ನ ನನಗೆ ಹೇಳಿಕೊಡಬೇಡಿ. ಯಾವುದನ್ನ ಯಾವಾಗ ಒರೆಸಬೇಕು ಅನ್ನೋದೇ ಕಸುಬು."

ಅವತ್ತು ಗುದ್ರುನ್ ಮೇಡಂ ಬರೆದ ಹಾಳೆಯಲ್ಲಿ ಮೂರೇ ಸಾಲು. ಆ ಮೂರು ಸಾಲು ನಗರಸಭೆಯ ಸುತ್ತೋಲೆಯಾಗಲು ನಾಲ್ಕು ವರ್ಷ, ಪೊಲೀಸರ ತರಬೇತಿ ಪುಸ್ತಕಕ್ಕೆ ಹೋಗಲು ಒಂಬತ್ತು ವರ್ಷ ಹಿಡಿಯಿತು. ಎದುರು ಗೇಟಿನ ಬೀಗ ತೆಗೆಸಲು ಹದಿಮೂರು. ನಡುವೆ ಮೇಯರುಗಳು ಬದಲಾದರು. ಒಬ್ಬನಂತೂ ‘ಇದನ್ನೆಲ್ಲ ದೊಡ್ಡದು ಮಾಡಿದರೆ ಊರಿನ ಹೆಸರು ಕೆಡುತ್ತದೆ’ ಎಂದ. "ಊರಿನ ಹೆಸರನ್ನ ನಾನು ಬರೆದಿಲ್ಲ ಗೋಡೆ ಮೇಲೆ," ಎಂದು ಬ್ರೋನ್ಯಾ ಅವನ ಕೋಣೆಯ ಬಾಗಿಲಲ್ಲೇ ಕೂತಳು, ಅವನು ಕಾಫಿ ತರಿಸುವವರೆಗೆ.

ನಿಯಮಕ್ಕೆ ಬೆಲೆಯೂ ಇತ್ತು. ಫೋಟೊ ಆಗುವವರೆಗೆ, ಪೊಲೀಸರು ಬರುವವರೆಗೆ, ಆ ಹೊಲಸು ಮಾತು ಗೋಡೆಯ ಮೇಲೆ ಹಾಗೇ ಇರಬೇಕು. ಯಾರೂ ಒರೆಸದಂತೆ, ಯಾರೂ ಇನ್ನೊಂದು ಸೇರಿಸದಂತೆ ಬ್ರೋನ್ಯಾ ಸ್ಟೂಲು ಹಾಕಿಕೊಂಡು ಅದರ ಪಕ್ಕದಲ್ಲೇ ಕಾಲುಚೀಲ ಹೆಣೆಯುತ್ತ ಕೂರುತ್ತಿದ್ದಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ. ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಝಾನ್ನಾ ಅದನ್ನು ಕಂಡು ನಾಚಿಕೆಯಿಂದ ಬೆಂದುಹೋಗಿದ್ದಳು. ಅವಳ ಜೊತೆಯ ನರ್ಸುಗಳು ಅದೇ ಬಸ್ಸಿಗೆ ಕಾಯುತ್ತಿದ್ದರು.

"ಅಮ್ಮ, ಎದ್ದೇಳು. ನನಗೆ ಮರ್ಯಾದೆ ಹೋಗ್ತಿದೆ."

"ಬರೆದವನಿಗೆ ಹೋಗ್ತಿಲ್ಲ. ಓದಿದವರಿಗೂ ಹೋಗ್ತಿಲ್ಲ. ನಿನಗ್ಯಾಕೆ ಹೋಗುತ್ತೆ?"

"ಒರೆಸಿಬಿಡು. ಮನೆಗೆ ಹೋಗೋಣ."

ಬ್ರೋನ್ಯಾ ಹೆಣಿಗೆಯ ಕುಣಿಕೆ ಎಣಿಸುತ್ತಲೇ ಇದ್ದಳು. ಝಾನ್ನಾ ಆವತ್ತು ಅಮ್ಮನನ್ನು ಅಲ್ಲೇ ಬಿಟ್ಟು ಒಬ್ಬಳೇ ಬಸ್ಸು ಹತ್ತಿದಳು.

*

ಹನ್ನೆರಡೂವರೆಗೆ ಪಾದಚಾರಿ ಹಾದಿಯಲ್ಲಿ ಮೂವತ್ತು ಜನರಿದ್ದರು. ಹೆಚ್ಚಿನವರು ಸಮುದಾಯದ ಮುದುಕರು. ಕೈಚೀಲ ಹಿಡಿದು ಪೇಟೆಗೆ ಹೊರಟಿದ್ದ ಒಬ್ಬ ಅಜ್ಜ ನಿಂತು ಗೊಣಗಿದ.

"ಒಂದು ಬಟ್ಟೆನಾದರೂ ಮುಚ್ಚಬಾರದಾ? ಮಕ್ಕಳು ಓಡಾಡೋ ದಾರಿ."

"ಬರೆದವನಿಗೆ ಹೇಳಿ ಅಜ್ಜ," ಎಂದಳು ಝಾನ್ನಾ.

"ಯಾರು ಬರೆದರೋ ನನಗೇನು ಗೊತ್ತು."

"ಗೊತ್ತಾಗಲಿ ಅಂತಲೇ ನಿಂತಿರೋದು."

ಅಜ್ಜ ಪೆಟ್ಟಿಗೆಯನ್ನು ನೋಡಿದ. ಯಾರೆಂದು ಕೇಳಿದ. ಶಾಲೆಯಲ್ಲಿ ನೆಲ ಒರೆಸುತ್ತಿದ್ದ ರೊಯ್ಟ್‌ಮನ್ ಅಮ್ಮ ಎಂದಾಗ, "ಓ, ಸ್ಟೂಲಿನಮ್ಮ," ಎಂದ. ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತ. ಆಮೇಲೆ ಹೋಗಲಿಲ್ಲ.

ಗುದ್ರುನ್ ಮೇಡಂ ಫೋನಿನಲ್ಲಿ ಒಬ್ಬರಿಗೆ ಹೇಳಿದರೆ ಅವರು ಮೂವರಿಗೆ ಹೇಳುವ ಏರ್ಪಾಡು ವೇದಿಕೆಯಲ್ಲಿತ್ತು. ಒಂದು ಗಂಟೆಯ ಹೊತ್ತಿಗೆ ಊಟದ ಬಿಡುವಿನ ಬೇಕರಿಯವರು, ಫುಟ್‌ಬಾಲ್ ಸಂಘದ ಹಸಿರು ಶಾಲಿನವರು, ಚರ್ಚಿನ ಹೆಂಗಸರು ಬರತೊಡಗಿದರು. ಇಬ್ಬರು ಹೂವಿನ ಗೊಂಚಲು ತಂದರು. ನಮ್ಮಲ್ಲಿ ಹೂವಿಲ್ಲ ಎಂದು ಸ್ಯೋಮಾ ಮಾಮ ಗದರಿದ. ಅವರು ಗಾಬರಿಯಾಗಿ ಗೊಂಚಲುಗಳನ್ನು ಬೆನ್ನ ಹಿಂದೆ ಹಿಡಿದು ನಿಂತರು.

ಬೂದು ಬಣ್ಣದ ಕಾರೊಂದು ನಿಧಾನವಾಯಿತು. ಕಿಟಕಿ ಇಳಿಯಿತು. ಇಪ್ಪತ್ತೈದರ ಯುವಕ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ ಕೂಗಿದ.

"ಗೋಡೆ ಮೇಲಿರೋದು ಓದೋಕೆ ಬರಲ್ವಾ ನಿಮಗೆ? ಹೆಣ ಎತ್ಕೊಂಡು ಎಲ್ಲಿಗಾದರೂ ಹೋಗಿ."

ಯಾರೂ ಉತ್ತರಿಸುವ ಮೊದಲೇ ಗುದ್ರುನ್ ಮೇಡಂ ಕೋಲೂರಿಕೊಂಡು ಕಾರಿನ ಮುಂದೆ ಹೋದಳು. ನಂಬರ್ ಪ್ಲೇಟಿಗೆ ಬಾಗಿ, ನಲವತ್ತು ವರ್ಷ ಉಕ್ತಲೇಖನ ಹೇಳಿಸಿದ ಧ್ವನಿಯಲ್ಲಿ, ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಓದಿದಳು. ನೋವಾಕ್ ಅಂಗೈ ಮೇಲೆ ಬರೆದುಕೊಂಡ. ಫುಟ್‌ಬಾಲ್ ಸಂಘದವರು ಅದನ್ನೇ ತಾಳ ಹಾಕಿ ಒಟ್ಟಿಗೆ ಹೇಳಿದರು. ಕಾರಿನ ಕಿಟಕಿ ಏರಿತು. ಹೋಗುವಾಗ ಅದು ಕೆಂಪು ದೀಪವನ್ನೂ ದಾಟಿತು. ಟೀಟ್ಸೆಯ ಜೊತೆಗಿದ್ದ ಪೊಲೀಸ್ ಹುಡುಗಿ ಅದನ್ನೂ ಬರೆದುಕೊಂಡಳು.

ಒಂದೂ ಕಾಲಾಯಿತು. ತಜ್ಞೆ ಬರಲಿಲ್ಲ. ಹೆದ್ದಾರಿಯಲ್ಲಿ ಲಾರಿ ಮಗುಚಿದೆಯೆಂದೂ ಊರ ಹೊರಗಿನ ಸಾಲಿನಲ್ಲಿ ಸಿಕ್ಕಿಕೊಂಡಿದ್ದಾಳೆಂದೂ ಫೋನು ಬಂತು. ಸ್ಯೋಮಾ ಮಾಮ ಕೋಲಿಗೆ ಗದ್ದವೂರಿ ಆಕಾಶ ನೋಡುತ್ತಿದ್ದ.

"ಟೀಟ್ಸೆ ಅವರೇ," ಎಂದಳು ಝಾನ್ನಾ, "ನಾನು ಮಾತು ಕೊಟ್ಟಿದ್ದೀನಿ."

ಟೀಟ್ಸೆ ಮೇಲಧಿಕಾರಿಗೆ ಫೋನು ಮಾಡಿದ. ದೂರ ಹೋಗಿ ಮಾತಾಡಿದ. ಆ ಕಡೆಯವರು ಏನೆಂದರೋ, ಇವನು ಮೂರು ಸಲ "ಇಲ್ಲ ಸರ್" ಎಂದದ್ದು ಮಾತ್ರ ಕೇಳಿಸಿತು. ಆಮೇಲೆ ಕಾರು ಹತ್ತಿ, ನೀಲಿ ದೀಪ ಹಾಕಿಕೊಂಡು, ಟ್ರಾಮಿನ ಹಳಿಯ ಮೇಲೇ ಓಡಿಸಿಕೊಂಡು ಹೋದ.

ಒಂದೂವರೆ. ಮಾಮ ಗಡಿಯಾರ ಎತ್ತಿ ತೋರಿಸಿದ. ಝಾನ್ನಾ ಬಾಯಿ ತೆರೆಯಲಿಲ್ಲ. ಮಾತು ಮಾತೇ. ಆರು ಮಂದಿ ಚಟ್ಟದ ಹಿಡಿಗೆ ಕೈಹಾಕಿದರು. ಆಗ ಮಾಮ ಅವರ ಕೈಗಳನ್ನು ಕೋಲಿನಿಂದ ತಟ್ಟಿದ.

"ಎಲ್ಲಿಗೆ ಅವಸರ? ನಾನು ಇನ್ನೂ ಪ್ರಾರ್ಥನೆ ಮುಗಿಸಿಲ್ಲ."

"ನೀವು ಶುರುವೇ ಮಾಡಿಲ್ಲ ಮಾಮ," ಎಂದ ಒಬ್ಬ.

"ಈಗ ಮಾಡ್ತೀನಿ. ವಯಸ್ಸಾಯ್ತು, ನಿಧಾನ ಓದ್ತೀನಿ."

ಅವನು ಹಾಗೆಯೇ ಓದಿದ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಉಸಿರೆಳೆದು, ಕನ್ನಡಕ ಒರೆಸಿ, ಹಿಂದಿನ ಸಾಲಿಗೆ ಮರಳಿ. ಹದಿನೇಳು ನಿಮಿಷ.

ತಜ್ಞೆ ಟೀಟ್ಸೆಯ ಕಾರಿನಿಂದ ಸಲಕರಣೆಯ ಚೀಲಗಳೊಂದಿಗೆ ಇಳಿದಳು. ಮೂವತ್ತರ ಹುಡುಗಿ. ಕೈಗವಸು ಹಾಕಿಕೊಂಡು ಬಣ್ಣ ಕೆರೆದು ಸೀಸೆಗೆ ತುಂಬಿದಳು. ಗೇಟಿನ ಹಿಡಿಗೆ ಪುಡಿ ಹಚ್ಚಿದಳು. ಕೊನೆಗೆ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಹೋಗಿ ನಿಂತಳು.

"ಶವಪೆಟ್ಟಿಗೆ ಅಡ್ಡ ಬರ್ತಿದೆ. ಸ್ವಲ್ಪ ಸರಿಸ್ತೀರಾ? ನ್ಯಾಯಾಲಯಕ್ಕೆ ಹೋಗೋ ಫೋಟೊ. ಪಕ್ಕದಲ್ಲಿ ಅಳತೆ ಕೋಲು ಬಿಟ್ಟು ಬೇರೇನೂ ಇರಬಾರದು."

"ಒಂದು ಹಾಗೆ ತಗೊಳ್ಳಿ," ಎಂದಳು ಝಾನ್ನಾ. "ಇನ್ನೊಂದು ಹೀಗೇ ತಗೊಳ್ಳಿ. ಪೆಟ್ಟಿಗೆ ಒಂದು ಮೀಟರ್ ಎಂಬತ್ತು ಇದೆ. ಅಕ್ಷರ ಎಷ್ಟು ದೊಡ್ಡದಿತ್ತು, ಯಾರ ಮುಂದೆ ಬರೆದಿದ್ದರು ಅಂತ ನ್ಯಾಯಾಧೀಶರಿಗೂ ಅಳತೆ ಸಿಗಲಿ."

ಹುಡುಗಿ ಟೀಟ್ಸೆಯತ್ತ ನೋಡಿದಳು. ಟೀಟ್ಸೆ ತಲೆಯಾಡಿಸಿದ. ಕ್ಯಾಮೆರಾ ಎರಡು ಸಲ ಬೆಳಗಿತು.

"ಗೇಟು ನಿಮ್ಮದು," ಎಂದಳು ಹುಡುಗಿ.

*

ಉಳಿದ ಆರು ನಿಲುಗಡೆಗಳು ಒಳಗೆ, ಬೇಗ ಬೇಗ ಆದವು. ಸಬ್ಬತ್‌ಗೆ ಸಮಯವಿತ್ತು, ಆದರೆ ಹೆಚ್ಚಿಲ್ಲ. ಪೆಟ್ಟಿಗೆ ಯಾಕೊವ್‌ನ ಪಕ್ಕಕ್ಕೆ ಇಳಿಯಿತು. ಝಾನ್ನಾ ಮೂರು ಸಲಿಕೆ ಮಣ್ಣು ಹಾಕಿದಳು. ಹಿಂದೆ ನಿಂತಿದ್ದ ಟೀಟ್ಸೆ ಸಲಿಕೆಗೆ ಕೈ ಚಾಚಿದ. ಅವಳು ಅವನ ಕೈಗೆ ಕೊಡದೆ ಅದನ್ನು ಮಣ್ಣಿನ ಗುಡ್ಡೆಗೆ ಚುಚ್ಚಿದಳು. ಅವನ ಮುಖ ಕುಂದಿತು.

"ಕೈಯಿಂದ ಕೈಗೆ ಕೊಡೋ ಹಾಗಿಲ್ಲ," ಎಂದು ಸ್ಯೋಮಾ ಮಾಮ ಅವನ ಕಿವಿಯ ಬಳಿ ಹೇಳಿದ. "ದುಃಖ ದಾಟಿಸಬಾರದು ಅಂತ. ನೀವೇ ಕಿತ್ತುಕೊಳ್ಳಿ."

ಟೀಟ್ಸೆ ಕಿತ್ತುಕೊಂಡ. ಅವನ ನಂತರ ನೋವಾಕ್, ನೋವಾಕ್‌ನ ನಂತರ ಗುದ್ರುನ್ ಮೇಡಂ ಎರಡು ಕೈಯಿಂದಲೂ. ಗುಂಡಿ ತುಂಬಿತು. ಝಾನ್ನಾ ಮಾಮನ ಜೊತೆ ಸತ್ತವರಿಗಾಗಿ ಹೇಳುವ ಕಾದಿಶ್ ಪ್ರಾರ್ಥನೆ ಹೇಳಿದಳು. ಹೆಣ್ಣುಮಗಳು ಹೇಳಬಹುದೇ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. "ಇವತ್ತು ಅವಳಿಗೆ ಬೇಡ ಅನ್ನೋ ತಾಕತ್ತು ನಿನಗಿದ್ದರೆ ನೀನೇ ಹೋಗಿ ಹೇಳು," ಎಂದಿತು ಇನ್ನೊಂದು ದನಿ.

ಹೂಳಿದ ಮೇಲೆ ಜನ ಎರಡು ಸಾಲಾಗಿ ನಿಲ್ಲಬೇಕು. ನಡುವೆ ದುಃಖದವರು ನಡೆದುಹೋಗಬೇಕು, ನಿಂತವರು ಸಮಾಧಾನ ಹೇಳಬೇಕು. ಪ್ರತಿಸಲ ಹತ್ತು ಹನ್ನೆರಡು ಜನ ಗೋರಿಯ ಬಳಿ ನಿಂತರೆ ಎರಡು ಹೆಜ್ಜೆಗೆ ಸಾಲು ಮುಗಿಯುತ್ತಿತ್ತು. ಇವತ್ತು ಸ್ಯೋಮಾ ಮಾಮ ಜನರನ್ನು ಹಿಂದೆ ಹಿಂದೆ ತಳ್ಳುತ್ತ ಹೋದ. ಸಾಲು ಕಲ್ಲುಗಳ ನಡುವೆ ಬಳುಕಿ, ಎದುರು ಗೇಟು ದಾಟಿ, ಹೊರಗೆ ಗೋಡೆಗುಂಟ ಹರಿಯಿತು. ಜಾಗವಿಲ್ಲದೆ ಒಂದು ಕಡೆಯವರು ಗೋಡೆಗೇ ಬೆನ್ನು ಹಚ್ಚಿ ನಿಂತರು. ಅಲ್ಲಿಗೆ ಬಂದ ಟ್ರಾಮು ಗಂಟೆ ಬಾರಿಸಲಿಲ್ಲ.

ಝಾನ್ನಾ ಹರಿದ ಕೋಟಿನಲ್ಲಿ ಆ ಸಾಲಿನ ನಡುವೆ ನಡೆದಳು. ಗೊತ್ತಿದ್ದವರು ಹೀಬ್ರೂ ಮಾತು ಹೇಳಿದರು. ಗೊತ್ತಿಲ್ಲದವರು ತಮಗೆ ತೋಚಿದ್ದು ಹೇಳಿದರು. ಚೀಲದ ಅಜ್ಜ, "ನನ್ನ ಮಗನ ತರಗತಿ ಒರೆಸ್ತಿದ್ದರು," ಎಂದ. ನೋವಾಕ್ ಸಾಲು ಬಿಟ್ಟು ಅವಳ ಹಿಂದೆಯೇ ನಡೆದ. ಸಾಲಿನ ಕೊನೆಯಲ್ಲಿ ಟೀಟ್ಸೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ವರದಿ ಇವತ್ತೇ ಹೋಗುತ್ತೆ," ಎಂದ.

"ಪ್ರತಿ ನನಗೊಂದು ಬೇಕು," ಎಂದಳು ಝಾನ್ನಾ. "ಸೋಮವಾರ ಬರ್ತೀನಿ. ನನ್ನನ್ನ ಕಾಯಿಸಬೇಡಿ."

ಅವನು ತಲೆಬಾಗಿಸಿ, ತಿರುಗಿ, ಕಾರನ್ನು ತಜ್ಞೆಗೆ ಬಿಟ್ಟು ನಡೆದೇ ಠಾಣೆಯತ್ತ ಹೊರಟ. ಚಳಿಗೆ ಬಣ್ಣ ಪೂರ್ತಿ ಒಣಗಿರಲಿಲ್ಲ. ಇಸ್ತ್ರಿ ಮಾಡಿದ ಅವನ ಸಮವಸ್ತ್ರದ ಬೆನ್ನಿನ ಮೇಲೆ ಕೆಂಪು ಅಕ್ಷರವೊಂದರ ಅರ್ಧ ಅಚ್ಚೊತ್ತಿತ್ತು. ನೋವಾಕ್ ಅದನ್ನು ಕಂಡು ಕೂಗಲು ಬಾಯಿ ತೆರೆದ. ಝಾನ್ನಾ ಅವನ ತೋಳು ಹಿಡಿದಳು. ಶುಕ್ರವಾರದ ಸಂತೆಗೆ ನೆರೆದ ಜನರ ನಡುವೆ, ಪೇಟೆಬೀದಿಯ ಉದ್ದಕ್ಕೂ, ಇನ್‌ಸ್ಪೆಕ್ಟರ್ ಟೀಟ್ಸೆ ಆ ಅರ್ಧ ಅಕ್ಷರವನ್ನು ಬೆನ್ನ ಮೇಲೆ ಹೊತ್ತು ನೆಟ್ಟಗೆ ನಡೆದುಹೋದ. ಜನ ಒಬ್ಬೊಬ್ಬರೇ ತಿರುಗಿ ನೋಡುತ್ತಿದ್ದರು.